ಹಂಚಿಕೆಯ ಅದೃಷ್ಟ, ಪಂದ್ಯಾವಳಿಯ ರಚನೆ: ಹಡಗಲಿ ಸೀಮೆಯ ಕಾನೂನು ಹಿನ್ನೆಲೆಯಲ್ಲಿ ಬ್ರಿಡ್ಜ್ ಮತ್ತು ರಮ್ಮಿ

1. ವ್ಯಾಪ್ತಿ

ಇಸ್ಪೀಟಿನಾಟ ಜೂಜೋ ಕೌಶಲವೋ ಎಂಬ ಚರ್ಚೆ ಸಾಮಾನ್ಯವಾಗಿ ಆಟದ ಹೆಸರು ಹಿಡಿದು ಸಾಗುತ್ತದೆ: ರಮ್ಮಿ ಈ ಕಡೆ, ಅಂದರ್–ಬಾಹರ್ ಆ ಕಡೆ. ಒಂದು ಆಟವನ್ನು ಯಾವ ಪಂದ್ಯಾವಳಿಯ ಚೌಕಟ್ಟಿನಲ್ಲಿ ಆಡಿಸುತ್ತಾರೆ ಎಂಬುದರ ಮೇಲೆ ಅದರಲ್ಲಿ ಅದೃಷ್ಟಕ್ಕಿರುವ ಪಾಲು ಎಷ್ಟು ಬದಲಾಗುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ. ಈ ಟಿಪ್ಪಣಿ ಅದಕ್ಕೆ ಸೀಮಿತ. ಉದಾಹರಣೆಗೆ ತೆಗೆದುಕೊಂಡ ಆಟಗಳು ಎರಡು, ಡೂಪ್ಲಿಕೇಟ್ ಬ್ರಿಡ್ಜ್ ಮತ್ತು ಹದಿಮೂರೆಲೆ ರಮ್ಮಿ. ಹೂವಿನಹಡಗಲಿ ಸೀಮೆಯನ್ನು ಆಯ್ದುಕೊಂಡದ್ದಕ್ಕೆ ಕಾರಣ ಅಲ್ಲಿನ ಕಾನೂನು ಭೂಗೋಳ; ಅದು 2ನೇ ಭಾಗದಲ್ಲಿದೆ.

‘ಹಂಚಿಕೆ’ ಎಂದರೆ ಇಲ್ಲಿ ಕಲೆಸಿದ ಕಟ್ಟಿನಿಂದ ಆಟಗಾರರ ಕೈಗೆ ಎಲೆಗಳು ಹೋಗಿ ನಿಂತ ಒಂದು ನಿರ್ದಿಷ್ಟ ಸ್ಥಿತಿ. ‘ಪಟ್ಟು’ ಎಂದರೆ ನಾಲ್ವರು ಒಂದೊಂದು ಎಲೆ ಹಾಕಿ ಮುಗಿಸಿದ ಒಂದು ಸುತ್ತು. ‘ಕಟ್ಟು’ ರೂಢಿಯ ಅರ್ಥದಲ್ಲೇ ಇದೆ.

ಅಂದರ್–ಬಾಹರ್ ಅನ್ನು ಆರಂಭದಲ್ಲೇ ಬಿಡಲಾಗಿದೆ. ಒಂದು ಎಲೆ ತೆರೆದಿಟ್ಟು, ಅದೇ ದರ್ಜೆಯ ಇನ್ನೊಂದು ಎಲೆ ಬೀಳುವ ತನಕ ಒಳಗೆ ಹೊರಗೆ ಸರದಿಯಂತೆ ಹಾಕುತ್ತ ಹೋಗುವ ಈ ಆಟದಲ್ಲಿ, ಪಣ ಕಟ್ಟಿದ ಮೇಲೆ ಆಟಗಾರ ತೆಗೆದುಕೊಳ್ಳಬೇಕಾದ ತೀರ್ಮಾನ ಒಂದೂ ಇಲ್ಲ. ಮೊದಲ ಎಲೆ ಬೀಳುವ ಬದಿಗೆ ಗೆಲುವಿನ ಸಂಭವ ಸುಮಾರು ಶೇ 51.5, ಇನ್ನೊಂದಕ್ಕೆ ಶೇ 48.5. ಪಂದ್ಯಾವಳಿಯನ್ನು ಹೇಗೆ ರಚಿಸಿದರೂ ಅಲ್ಲಿ ಅಳೆಯಲು ಸಿಗುವುದು ಅದೃಷ್ಟವೇ. ತಾಲ್ಲೂಕು ಮಟ್ಟದ ಜೂಜಿನ ಪ್ರಕರಣಗಳಲ್ಲಿ, ಮುಖ್ಯವಾಗಿ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87ರ ಕೆಳಗೆ, ಹೆಚ್ಚಾಗಿ ಕಾಣುವ ಆಟ ಇದೇ ಎಂಬುದು ದಿನಪತ್ರಿಕೆ ಓದುವವರಿಗೆ ಗೊತ್ತಿದೆ.

2. ನದಿಯ ಎರಡು ದಡ, ನಾಲ್ಕು ಕಾಯ್ದೆ

ಇಂದು ವಿಜಯನಗರ ಜಿಲ್ಲೆಗೆ ಸೇರಿದ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಪ್ರದೇಶಗಳು 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಭಾಗ. ಅಂದು ಆಂಧ್ರ ರಾಜ್ಯ ರಚನೆಯಾದಾಗ ಇವು ಮೈಸೂರು ರಾಜ್ಯಕ್ಕೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮದರಾಸು ಪ್ರಾಂತದ ಜಿಲ್ಲೆಗಳಿಗೆ ಅನ್ವಯಿಸುತ್ತಿದ್ದದ್ದು 1930ರ ಮದರಾಸು ಗೇಮಿಂಗ್ ಕಾಯ್ದೆ, ಅಂದರೆ ಆ ವರ್ಷದ 3ನೇ ಕಾಯ್ದೆ.

ತುಂಗಭದ್ರೆ ದಾಟಿದರೆ ಕಾನೂನು ಬೇರೆ. ಎದುರು ದಡದ ಮುಂಡರಗಿ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು. ಅಲ್ಲಿ 1887ರ ಮುಂಬಯಿ ಜೂಜು ನಿರೋಧಕ ಕಾಯ್ದೆ. ಅದೇ ದಡದಲ್ಲಿ ಇನ್ನೂ ಕೆಳಕ್ಕೆ ಹೋದರೆ ಸಿಗುವ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದ್ದು; ಆ ಸಂಸ್ಥಾನದ ಜೂಜು ಕಾಯ್ದೆ ಫಸಲಿ 1305ರ 2ನೇ ಕಾಯ್ದೆ. ದಕ್ಷಿಣಕ್ಕೆ ಹರಪನಹಳ್ಳಿ, ಕೂಡ್ಲಿಗಿಗಳ ಎಲ್ಲೆ ದಾಟಿದರೆ ದಾವಣಗೆರೆ, ಜಗಳೂರು, ಮೊಳಕಾಲ್ಮೂರು. ಇವು ಮೈಸೂರು ಸಂಸ್ಥಾನಕ್ಕೆ ಸೇರಿ 1908ರ ಮೈಸೂರು ಪೊಲೀಸ್ ಕಾಯ್ದೆಯ ವ್ಯಾಪ್ತಿಯಲ್ಲಿದ್ದವು. ಪಂಚಮಿ, ಯುಗಾದಿ, ದೀಪಾವಳಿಗೆ ಎಲೆ ಹಿಡಿಯುವ ರೂಢಿ ನಾಲ್ಕೂ ಕಡೆ ಇದ್ದಂತೆ ತೋರುತ್ತದೆ. ಹಿಡಿದು ಸಿಕ್ಕಿಬಿದ್ದವನ ಮೇಲೆ ಬೀಳುವ ಕಾಯ್ದೆ ಮಾತ್ರ ಅವನು ಕುಳಿತ ಊರಿನ ಪ್ರಕಾರ.

ಫಸಲಿ ವರ್ಷದ ಬಗ್ಗೆ ಒಂದು ಎಚ್ಚರ. ಹೈದರಾಬಾದಿನ ಫಸಲಿಗೆ ಸುಮಾರು 590 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ. ಆದ್ದರಿಂದ 1305 ಎಂದರೆ 1895–96. ಇದನ್ನು ಹಿಜರಿ 1305 ಎಂದು ಓದಿಕೊಂಡರೆ ಕಾಯ್ದೆ 1887–88ಕ್ಕೆ ಹೋಗಿ, ಮುಂಬಯಿ ಕಾಯ್ದೆಯ ಸಮಕಾಲೀನವೆಂಬ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ. ಎರಡರ ನಡುವೆ ಎಂಟು ವರ್ಷದ ಆಸುಪಾಸಿನ ಅಂತರವಿದೆ.

ಈ ನಾಲ್ಕರ ಜಾಗಕ್ಕೆ ಏಕರೂಪದ ಕಾಯ್ದೆಯಾಗಿ ಬಂದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದನ್ನು ಉಲ್ಲೇಖಿಸುವಾಗ ‘1963’ ಎಂದೂ ‘1964ರ 4ನೇ ಕಾಯ್ದೆ’ ಎಂದೂ ಎರಡು ರೀತಿ ಕಾಣುತ್ತದೆ. ಎರಡೂ ಸರಿ: ಮೊದಲನೆಯದು ಕಾಯ್ದೆಯ ಹೆಸರಿನೊಳಗಿನ ವರ್ಷ, ಎರಡನೆಯದು ಅದರ ಕ್ರಮಸಂಖ್ಯೆ. ಇದರ ಕಲಂ 79 ಮತ್ತು 80 ಜೂಜಿನ ಮನೆ ನಡೆಸುವವರನ್ನೂ ಅಲ್ಲಿ ಸಿಕ್ಕವರನ್ನೂ ಕುರಿತವು. ಕಲಂ 176 ಶುದ್ಧ ಕೌಶಲದ ಆಟವನ್ನೂ, 2021ರ ತಿದ್ದುಪಡಿಗೆ ಮುಂಚಿನ ಪಾಠದಲ್ಲಿ, ಅಂಥ ಆಟದಲ್ಲಿ ಭಾಗವಹಿಸುವವರು ಕಟ್ಟುವ ಪಣವನ್ನೂ ಈ ಎರಡು ಕಲಮುಗಳಿಂದ ಹೊರಗಿಡುತ್ತದೆ.

3. 1957 ಮತ್ತು 1967ರ ತೀರ್ಪುಗಳು

ಕೌಶಲ–ಅದೃಷ್ಟ ವಿಂಗಡಣೆಗೆ ಇಂದಿಗೂ ಆಧಾರವಾಗಿ ಉಲ್ಲೇಖವಾಗುವ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಮೊದಲಿನದು ಚಮರ್‌ಬಾಗ್‌ವಾಲಾ ಪ್ರಕರಣದ್ದು, 1957ರ ಏಪ್ರಿಲ್ 9. ಅದೇ ಹೆಸರಿನ ಎರಡು ತೀರ್ಪುಗಳು ಅದೇ ದಿನ ಹೊರಬಿದ್ದಿರುವುದರಿಂದ ಗೊಂದಲ ಸಾಮಾನ್ಯ. ಒಂದರಲ್ಲಿ ಎದುರಾಳಿ ಮುಂಬಯಿ ರಾಜ್ಯ, ಇನ್ನೊಂದರಲ್ಲಿ ಭಾರತ ಒಕ್ಕೂಟ. ಮುಂಬಯಿ ರಾಜ್ಯದ ಪ್ರಕರಣದ ಹಿಂದಿದ್ದದ್ದು ಇಸ್ಪೀಟಲ್ಲ, ಬಹುಮಾನದ ಪದಬಂಧ. ಅದು ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆ ಅಚ್ಚಾಗುತ್ತಿದ್ದದ್ದು ಬೆಂಗಳೂರಿನಲ್ಲಿ.

ಎರಡನೆಯದು ಆಂಧ್ರಪ್ರದೇಶ ರಾಜ್ಯ ಮತ್ತು ಕೆ. ಸತ್ಯನಾರಾಯಣ ಪ್ರಕರಣ. ಇದನ್ನು ‘1968ರ ರಮ್ಮಿ ತೀರ್ಪು’ ಎನ್ನುವುದು ವಾಡಿಕೆ. ತೀರ್ಪು ಬಂದದ್ದು 1967ರ ನವೆಂಬರ್ 22ರಂದು. 1968 ಎಂಬುದು ವರದಿ ಸಂಪುಟದ ವರ್ಷ. ಇಲ್ಲಿ ‘1967ರ ತೀರ್ಪು’ ಎಂದೇ ಬಳಸಲಾಗಿದೆ. ಮೊಕದ್ದಮೆ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ. ಕಾಯ್ದೆ ಅದೇ ಫಸಲಿ 1305ರದು. ಅಂದರೆ ರಮ್ಮಿಯನ್ನು ಕುರಿತ ಅಖಿಲ ಭಾರತ ಮಟ್ಟದ ನಿಲುವು ರೂಪುಗೊಂಡದ್ದು, ಒಂದು ಕಾಲಕ್ಕೆ ಹಡಗಲಿಯ ಎದುರು ದಡದ ಸಂಸ್ಥಾನದ್ದಾಗಿದ್ದ ಕಾಯ್ದೆಯ ವ್ಯಾಖ್ಯಾನದಿಂದ.

ತೀರ್ಪಿನ ವಾದಸರಣಿ ಚಿಕ್ಕದು. ರಮ್ಮಿ ಮೂರೆಲೆ ಆಟದಂತೆ ಪೂರಾ ಅದೃಷ್ಟದ್ದಲ್ಲ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂಬುದಕ್ಕೆ ಕೌಶಲ ಬೇಕು. ಅದರಲ್ಲಿರುವ ಅದೃಷ್ಟ ಬ್ರಿಡ್ಜ್ ಆಟದ ಹಂಚಿಕೆಯಲ್ಲಿರುವ ಅದೃಷ್ಟದ ಜಾತಿಯದೇ. ಕಲೆಸಿ ಹಂಚುವ ಯಾವ ಆಟದಲ್ಲೂ ಅಷ್ಟು ಅದೃಷ್ಟ ಇದ್ದೇ ಇರುತ್ತದೆ ಎಂಬುದು ಇದರ ತಾತ್ಪರ್ಯ. ಕ್ಲಬ್ಬು ಆಟದಿಂದಲೇ ಲಾಭ ಮಾಡಿಕೊಳ್ಳುತ್ತಿದ್ದರೆ ಮಾತು ಬೇರೆ ಎಂಬ ಎಚ್ಚರವೂ ಅಲ್ಲೇ ಇದೆ. ಉದ್ಧರಿಸುವವರು ಅದನ್ನು ಬಿಟ್ಟುಬಿಡುವುದುಂಟು.

ಬ್ರಿಡ್ಜಿನೊಂದಿಗಿನ ಈ ಹೋಲಿಕೆಯೇ ಮುಂದಿನ ಭಾಗಗಳ ವಿಷಯ. ಮನೆಯಲ್ಲೋ ಕ್ಲಬ್ಬಿನಲ್ಲೋ ನಾಲ್ವರು ಕುಳಿತು ಆಡುವ ರಬ್ಬರ್ ಬ್ರಿಡ್ಜಿಗೆ ಅದು ಸರಿಯಾಗಿ ಒಪ್ಪುತ್ತದೆ. ಪಂದ್ಯಾವಳಿಯ ಬ್ರಿಡ್ಜಿಗೆ ಒಪ್ಪುವುದೇ ಎಂಬುದು ಸಂದೇಹಾಸ್ಪದ.

4. ಬೋರ್ಡು

ಬ್ರಿಡ್ಜಿನಲ್ಲಿ 52 ಎಲೆಗಳೂ ಹಂಚಿಹೋಗುತ್ತವೆ, ಒಬ್ಬೊಬ್ಬರಿಗೆ 13. ಸಾಧ್ಯವಿರುವ ಹಂಚಿಕೆಗಳ ಸಂಖ್ಯೆ 53,644,737,765,488,792,839,237,440,000, ಅಂದರೆ 5.36ರ ಮುಂದೆ ಹತ್ತರ 28ನೇ ಘಾತ. ಇಷ್ಟರಲ್ಲಿ ಯಾವುದು ಬಂದೀತು ಎಂಬುದು ಅದೃಷ್ಟ. ಆ ಅದೃಷ್ಟವನ್ನು ತೆಗೆದುಹಾಕಲು ಬರುವುದಿಲ್ಲ. ಎಲ್ಲರಿಗೂ ಒಂದೇ ಅದೃಷ್ಟ ಸಿಗುವಂತೆ ಮಾಡಲು ಬರುತ್ತದೆ. ಡೂಪ್ಲಿಕೇಟ್ ಪದ್ಧತಿಯ ತಿರುಳು ಇದು.

1857ರಲ್ಲಿ ಲಂಡನ್ನಿನಲ್ಲಿ ‘ಕ್ಯಾವೆಂಡಿಷ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಹೆನ್ರಿ ಜೋನ್ಸ್ ಬ್ರಿಡ್ಜಿನ ಪೂರ್ವಜವಾದ ವಿಸ್ಟ್ ಆಟದಲ್ಲಿ, ಒಂದೇ ಹಂಚಿಕೆಯನ್ನು ಎರಡು ಮೇಜುಗಳಲ್ಲಿ ಆಡಿಸಿ ಪರೀಕ್ಷಿಸಿದರು. ಜಾನ್ ಟಿ. ಮಿಚೆಲ್ ಅವರ ಡೂಪ್ಲಿಕೇಟ್ ವಿಸ್ಟ್ ಕುರಿತ ಪುಸ್ತಕ 1891ರದು. ಕಾಂಟ್ರಾಕ್ಟ್ ಬ್ರಿಡ್ಜಿನ ಅಂಕಪಟ್ಟಿಯನ್ನು ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ರೂಪಿಸಿದ್ದು 1925ರಲ್ಲಿ. ಹೀಗೆ ಪಂದ್ಯಾವಳಿಯ ಚೌಕಟ್ಟು ಆಟಕ್ಕಿಂತ ಹಳೆಯದು. ಆಟ ಮೊದಲು, ಪಂದ್ಯಾವಳಿ ಆಮೇಲೆ ಎಂಬ ಸಹಜ ಊಹೆ ಇಲ್ಲಿ ನಿಲ್ಲುವುದಿಲ್ಲ.

ಬೋರ್ಡು ಎಂದರೆ ನಾಲ್ಕು ಜೇಬುಗಳಿರುವ ಚಪ್ಪಟೆ ತಟ್ಟೆ. ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ಗುರುತು, ಮೇಲೆ ಕ್ರಮಸಂಖ್ಯೆ, ಹಂಚುವವನು ಯಾರು ಎಂಬ ಸೂಚನೆ, ‘ವಲ್ನರಬಲ್’ ಪಕ್ಷದ ಜೇಬಿಗೆ ಕೆಂಪು ಬಣ್ಣ. ಈ ಪಕ್ಷಕ್ಕೆ ಗೆದ್ದರೆ ಲಾಭ ಹೆಚ್ಚು, ಸೋತರೆ ದಂಡವೂ ಹೆಚ್ಚು. ಹಂಚುವವನ ಸರದಿ ನಾಲ್ಕು ಬೋರ್ಡಿಗೊಮ್ಮೆ ಮರಳುತ್ತದೆ. ವಲ್ನರಬಲ್ ಕ್ರಮ 16 ಬೋರ್ಡಿಗೊಮ್ಮೆ ಮರಳುತ್ತದೆ. 1ನೇ ಬೋರ್ಡಿನಲ್ಲಿ ಯಾರೂ ಅಲ್ಲ, 2ರಲ್ಲಿ ಉತ್ತರ–ದಕ್ಷಿಣ, 3ರಲ್ಲಿ ಪೂರ್ವ–ಪಶ್ಚಿಮ, 4ರಲ್ಲಿ ಇಬ್ಬರೂ. 5ರಿಂದ ಕ್ರಮ ಒಂದು ಸ್ಥಾನ ಜರುಗುತ್ತದೆ. ರಬ್ಬರ್ ಆಟದಲ್ಲಿ ಹಿಂದಿನ ಗೆಲುವಿನಿಂದ ಬರುವ ಈ ಸ್ಥಿತಿ ಇಲ್ಲಿ ಬೋರ್ಡಿನ ಮೇಲೆ ಮೊದಲೇ ಅಚ್ಚಾಗಿರುತ್ತದೆ. ಆದ್ದರಿಂದ ಪ್ರತಿ ಬೋರ್ಡೂ ಹಿಂದಿನದರ ಋಣವಿಲ್ಲದ ಸ್ವತಂತ್ರ ಪಂದ್ಯ.

ಎಲೆ ಹಾಕುವ ರೀತಿಯೂ ಬೇರೆ. ಜಗಲಿಯ ಮೇಲಿನ ಆಟದಲ್ಲಿ ಎಲೆಯನ್ನು ನಡುವೆ ಬಡಿದು ಹಾಕುತ್ತಾರೆ. ಪಟ್ಟು ಗೆದ್ದವನು ನಾಲ್ಕನ್ನೂ ಬಾಚಿಕೊಳ್ಳುತ್ತಾನೆ. ಡೂಪ್ಲಿಕೇಟಿನಲ್ಲಿ ಎಲೆ ನಡುವೆ ಬೆರೆಯುವುದೇ ಇಲ್ಲ. ಒಬ್ಬೊಬ್ಬರೂ ತಮ್ಮ ಎಲೆಯನ್ನು ತಮ್ಮ ಮುಂದೆಯೇ ತೋರಿಸಿ, ಮಗುಚಿ, ಸಾಲಾಗಿ ಇಟ್ಟುಕೊಳ್ಳುತ್ತಾರೆ. ತಮ್ಮ ಪಕ್ಷ ಗೆದ್ದ ಪಟ್ಟಿನ ಎಲೆ ಉದ್ದಕ್ಕೆ, ಸೋತದ್ದು ಅಡ್ಡಕ್ಕೆ. ಹದಿಮೂರು ಮುಗಿದಾಗ ಆ ಸಾಲೇ ಲೆಕ್ಕದ ಪುಸ್ತಕ. ಅಡ್ಡ ಉದ್ದ ಎಣಿಸಿ ನಾಲ್ವರೂ ಒಪ್ಪಿದ ಮೇಲೆ ಎಲೆಗಳು ಅದೇ ಜೇಬಿಗೆ ಮರಳುತ್ತವೆ, ಬೋರ್ಡು ಮುಂದಿನ ಮೇಜಿಗೆ ಹೋಗುತ್ತದೆ. ಒಬ್ಬರ ಎಲೆ ಇನ್ನೊಬ್ಬರ ಜೇಬಿಗೆ ಬಿದ್ದರೆ ಮುಂದಿನ ಎಲ್ಲ ಮೇಜುಗಳ ಹೋಲಿಕೆ ಕೆಡುತ್ತದೆ. ಕೈಗೆತ್ತಿಕೊಂಡ ಕೂಡಲೇ, ಮುಖ ನೋಡುವ ಮೊದಲೇ, 13 ಇವೆಯೇ ಎಂದು ಎಣಿಸಬೇಕೆಂಬ ನಿಯಮ ಇರುವುದು ಅದಕ್ಕೇ. 2017ರ ಪರಿಷ್ಕೃತ ನಿಯಮಾವಳಿಯಲ್ಲಿರುವ 93 ನಿಯಮಗಳಲ್ಲಿ ಬಹಳಷ್ಟು ಇಂಥ ಕೈತಪ್ಪುಗಳ ಪರಿಹಾರಕ್ಕೆ ಮೀಸಲು.

5. ಮಿಚೆಲ್ ಚಲನೆ ಮತ್ತು ಸಮಸಂಖ್ಯೆಯ ತೊಡಕು

ಜೋಡಿಗಳ ಪಂದ್ಯಾವಳಿಯಲ್ಲಿ ಹೆಚ್ಚು ಬಳಕೆಯ ವ್ಯವಸ್ಥೆ ಮಿಚೆಲ್ ಹೆಸರಿನದು. ಉತ್ತರ–ದಕ್ಷಿಣ ಜೋಡಿ ಕುಳಿತಲ್ಲೇ ಇರುತ್ತದೆ. ಪೂರ್ವ–ಪಶ್ಚಿಮ ಜೋಡಿ ಪ್ರತಿ ಸುತ್ತಿಗೆ ಒಂದು ಮೇಜು ಮುಂದಕ್ಕೆ, ಬೋರ್ಡುಗಳ ಗುಂಪು ಒಂದು ಮೇಜು ಹಿಂದಕ್ಕೆ. ಚಲಿಸುವ ಜೋಡಿಗೂ ಬೋರ್ಡಿಗೂ ನಡುವಿನ ಅಂತರ ಹೀಗೆ ಸುತ್ತಿಗೆ ಎರಡರಂತೆ ಬದಲಾಗುತ್ತದೆ.

ಮೇಜುಗಳ ಸಂಖ್ಯೆ ಬೆಸವಾಗಿದ್ದರೆ ಎಲ್ಲವೂ ನೆಟ್ಟಗೆ ನಡೆಯುತ್ತದೆ. ಏಳು ಮೇಜುಗಳಿದ್ದರೆ 1ನೇ ಮೇಜಿನಿಂದ ಹೊರಟ ಜೋಡಿ ಆಡುವ ಗುಂಪುಗಳ ಕ್ರಮ 1, 3, 5, 7, 2, 4, 6. ಒಂದೂ ಮರುಕಳಿಸುವುದಿಲ್ಲ. ಆರು ಮೇಜಿದ್ದರೆ 1, 3, 5 ಆಗಿ ನಾಲ್ಕನೇ ಸುತ್ತಿಗೆ ಮತ್ತೆ 1. ಆಡಿದ ಹಂಚಿಕೆಯನ್ನೇ ಮತ್ತೆ ಆಡುವ ಈ ಸ್ಥಿತಿ ಒಂದು ಜೋಡಿಯದಲ್ಲ. ಅದೇ ಸುತ್ತಿನಲ್ಲಿ ಆರೂ ಜೋಡಿಗಳದು.

ಇದಕ್ಕಿರುವ ಪರಿಹಾರಗಳಲ್ಲಿ ಸರಳವಾದದ್ದು ನೆಗೆತ. ಅರ್ಧ ಸುತ್ತುಗಳಾದ ಮೇಲೆ ಚಲಿಸುವ ಜೋಡಿಗಳು ಒಂದು ಮೇಜು ಬಿಟ್ಟು ಮುಂದಿನದಕ್ಕೆ ಹೋಗುತ್ತವೆ. ಆರು ಮೇಜಿನಲ್ಲಿ 1ನೇ ಜೋಡಿ ಆಗ 1, 2, 3, 5, 6ನೇ ಮೇಜುಗಳಲ್ಲಿ ಕುಳಿತು 1, 3, 5, 2, 4ನೇ ಗುಂಪುಗಳನ್ನು ಆಡುತ್ತದೆ. ಬೆಲೆ ಏನೆಂದರೆ ಸುತ್ತುಗಳು ಆರಲ್ಲ, ಐದು. ಆರನೆಯದನ್ನು ಆಡಿಸಿದರೆ ಜೋಡಿ ಮತ್ತೆ 1ನೇ ಮೇಜಿಗೆ ಬಂದು ಹಳೆಯ ಎದುರಾಳಿಯನ್ನೇ ಕಾಣುತ್ತದೆ. ಆದ್ದರಿಂದ ಪ್ರತಿ ಜೋಡಿಗೂ ಒಬ್ಬ ಎದುರಾಳಿ ಮತ್ತು ಒಂದು ಗುಂಪು ತಪ್ಪುತ್ತದೆ. ಇದು ದೊಡ್ಡ ದೋಷವೆಂದು ಹೇಳಲಾಗದು. ಆದರೆ ‘ಎಲ್ಲರೂ ಎಲ್ಲವನ್ನೂ ಆಡಿದರು’ ಎಂದು ವರದಿ ಬರೆಯುವುದು ನಿಖರವಲ್ಲ.

ಎರಡು ದಿಕ್ಕಿನವರು ಪರಸ್ಪರ ಹೋಲಿಕೆಗೆ ಸಿಗುವುದಿಲ್ಲವಾದ್ದರಿಂದ ಮಿಚೆಲ್ ವ್ಯವಸ್ಥೆಯಲ್ಲಿ ಸಹಜವಾಗಿ ವಿಜೇತರು ಇಬ್ಬರು. ಒಬ್ಬರನ್ನೇ ಆರಿಸಬೇಕಾದ ಚಿಕ್ಕ ಕೂಟಗಳಿಗೆ ಎಡ್ವಿನ್ ಹೋವೆಲ್ ಹೆಸರಿನ ಬೇರೊಂದು ಚಲನೆ ಇದೆ. ಅದರಲ್ಲಿ ಬಹುತೇಕ ಎಲ್ಲರೂ ದಿಕ್ಕು ಬದಲಿಸುತ್ತಾರೆ.

6. ಅಂಕ: ಒಂದೇ ಬೋರ್ಡು, ಎರಡು ತಕ್ಕಡಿ

ಏಳು ಮೇಜುಗಳಲ್ಲಿ ಆಡಿದ ಒಂದು ಬೋರ್ಡನ್ನು ಊಹಿಸಿಕೊಳ್ಳಬಹುದು. ಯಾರೂ ವಲ್ನರಬಲ್ ಅಲ್ಲ. ಉತ್ತರ–ದಕ್ಷಿಣದ ಫಲಿತಾಂಶ: ನಾಲ್ಕು ಇಸ್ಪೀಟು ಕೂಗಿ ಸರಿಯಾಗಿ ಗೆದ್ದವರು ಮೂವರು, 420, ಒಂದು ಪಟ್ಟು ಹೆಚ್ಚು ತೆಗೆದವರು ಒಬ್ಬರು, 450, ಎರಡರಲ್ಲೇ ನಿಂತು ಹತ್ತು ಪಟ್ಟು ತೆಗೆದವರು ಒಬ್ಬರು, 170, ನಾಲ್ಕು ಕೂಗಿ ಒಂದು ಪಟ್ಟು ಕಡಿಮೆ ಬಿದ್ದವರು ಇಬ್ಬರು, ಋಣ 50.

ಜೋಡಿಗಳ ಪಂದ್ಯದಲ್ಲಿ ಬಳಸುವ ‘ಮ್ಯಾಚ್‌ಪಾಯಿಂಟ್’ ತಕ್ಕಡಿಯಲ್ಲಿ ತಮಗಿಂತ ಕಡಿಮೆ ಪಡೆದ ಪ್ರತಿ ಜೋಡಿಗೆ 2, ಸಮನಾದ ಜೋಡಿಗೆ 1. ಗರಿಷ್ಠ 12. 450ಕ್ಕೆ 12, 420ರ ಮೂವರಿಗೂ ತಲಾ 8, 170ಕ್ಕೆ 4, ಬಿದ್ದ ಇಬ್ಬರಿಗೆ ತಲಾ 1. ಒಟ್ಟು 42, ಅಂದರೆ ಏಳು ಜೋಡಿಗೆ ಸರಾಸರಿ 6, ತಾಳೆಯಾಗುತ್ತದೆ. ಎದುರು ದಿಕ್ಕಿನ ಜೋಡಿಗೆ 12ರಲ್ಲಿ ಉಳಿದದ್ದು.

ತಂಡಗಳ ಪಂದ್ಯದಲ್ಲಿ ತಕ್ಕಡಿ ಬೇರೆ. ಒಂದು ತಂಡದ ಒಂದು ಜೋಡಿ ತೆರೆದ ಕೋಣೆಯಲ್ಲಿ ಉತ್ತರ–ದಕ್ಷಿಣಕ್ಕೆ, ಅದೇ ತಂಡದ ಇನ್ನೊಂದು ಜೋಡಿ ಮುಚ್ಚಿದ ಕೋಣೆಯಲ್ಲಿ ಪೂರ್ವ–ಪಶ್ಚಿಮಕ್ಕೆ ಕೂರುತ್ತದೆ. ಎರಡು ಕೋಣೆಗಳ ಅಂಕದ ವ್ಯತ್ಯಾಸವನ್ನು ‘ಇಂಪ್’ ಎಂಬ ಅಂತಾರಾಷ್ಟ್ರೀಯ ಪಂದ್ಯಾಂಕಕ್ಕೆ ಇಳಿಸುತ್ತಾರೆ: 20ರಿಂದ 40ರ ವ್ಯತ್ಯಾಸಕ್ಕೆ 1, 50ರಿಂದ 80ಕ್ಕೆ 2, 430ರಿಂದ 490ಕ್ಕೆ 10, ಹೀಗೆ 4000 ಮತ್ತು ಮೇಲ್ಪಟ್ಟದ್ದಕ್ಕೆ 24. ಮೇಲೇರಿದಂತೆ ಮೆಟ್ಟಿಲು ಅಗಲವಾಗುತ್ತದೆ. ಒಂದೇ ಬೋರ್ಡಿನ ದುರಂತ ಇಡೀ ಪಂದ್ಯವನ್ನು ನುಂಗದಿರಲಿ ಎಂಬುದು ಇದರ ಉದ್ದೇಶವಿರಬೇಕು.

ಮೇಲಿನ ಬೋರ್ಡಿಗೇ ಮರಳಿದರೆ, 450 ಮತ್ತು 420ರ ನಡುವಿನ 30 ಅಂಕಕ್ಕೆ ಇಂಪ್ 1. 420 ಮತ್ತು ಋಣ 50ರ ನಡುವಿನ 470ಕ್ಕೆ ಇಂಪ್ 10. ಮ್ಯಾಚ್‌ಪಾಯಿಂಟಿನಲ್ಲಿ ಅದೇ ಎರಡು ವ್ಯತ್ಯಾಸಗಳಿಗೆ ಸಿಕ್ಕದ್ದು 4 ಮತ್ತು 7. ಹೆಚ್ಚುವರಿ ಪಟ್ಟೊಂದಕ್ಕಾಗಿ ಕೂಗಿದ ಒಪ್ಪಂದವನ್ನೇ ಪಣಕ್ಕೊಡ್ಡುವುದು ಒಂದು ತಕ್ಕಡಿಯಲ್ಲಿ ಕೆಲವೊಮ್ಮೆ ವಿವೇಕ, ಇನ್ನೊಂದರಲ್ಲಿ ಬಹುಮಟ್ಟಿಗೆ ಹುಂಬತನ. ಎಲೆ ಅವೇ, ನಿಯಮ ಅವೇ. ಅಂಕದ ವಿಧಾನ ಬದಲಾದೊಡನೆ ‘ಕೌಶಲ’ದ ಅರ್ಥವೇ ಸರಿದಿದೆ. ಆಟವನ್ನಷ್ಟೇ ನೋಡಿ ಕೌಶಲದ ಪ್ರಮಾಣ ಹೇಳುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

7. ಎದುರಾಳಿಗಳ ಜೋಡಣೆ

32 ತಂಡಗಳಿವೆ ಎನ್ನೋಣ. ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಪದ್ಧತಿಯಲ್ಲಿ 31 ಸುತ್ತು, 496 ಪಂದ್ಯ. ಸೋತವರು ಹೊರಬೀಳುವ ನಾಕೌಟ್‌ನಲ್ಲಿ 5 ಸುತ್ತು, 31 ಪಂದ್ಯ. ಎರಡರ ನಡುವಿನದು ಸ್ವಿಸ್. 1895ರಲ್ಲಿ ಜ್ಯೂರಿಕ್‌ನ ಚೆಸ್ ಕೂಟದಿಂದ ಬಂದದ್ದು. ಪ್ರತಿ ಸುತ್ತಿನ ನಂತರ ಹತ್ತಿರದ ಅಂಕದವರು ಎದುರಾಗುತ್ತಾರೆ, ಒಮ್ಮೆ ಆಡಿದವರು ಮತ್ತೆ ಎದುರಾಗುವುದಿಲ್ಲ, ಯಾರೂ ಹೊರಬೀಳುವುದಿಲ್ಲ. ಆರಂಭದಲ್ಲಿ ಸೋತ ತಂಡ ದುರ್ಬಲ ಎದುರಾಳಿಗಳ ಮೇಲೆ ಅಂಕ ಕೂಡಿಸಿಕೊಂಡು ಕೊನೆಗೆ ಮೇಲೆದ್ದುಬರುವ ಸಾಧ್ಯತೆ ಇದರ ಪರಿಚಿತ ದೌರ್ಬಲ್ಯ. ಕೊನೆಯ ಸುತ್ತುಗಳ ಜೋಡಣೆ ಅದನ್ನು ಭಾಗಶಃ ಸರಿಪಡಿಸುತ್ತದೆ.

ಪಂದ್ಯದ ಇಂಪ್ ವ್ಯತ್ಯಾಸವನ್ನು ಮತ್ತೆ ‘ವಿಕ್ಟರಿ ಪಾಯಿಂಟ್’ಗೆ ಪರಿವರ್ತಿಸುತ್ತಾರೆ. ಇಲ್ಲಿ ಹಳೆಯ ದಾಖಲೆ ಓದುವವರಿಗೆ ಒಂದು ತೊಡಕಿದೆ. ವಿಶ್ವ ಬ್ರಿಡ್ಜ್ ಒಕ್ಕೂಟ 2013ರವರೆಗೆ ಬಳಸುತ್ತಿದ್ದ ಪಟ್ಟಿಯಲ್ಲಿ ಸಮಬಲಕ್ಕೆ 15–15, ಗೆದ್ದವರಿಗೆ ಗರಿಷ್ಠ 25. ವ್ಯತ್ಯಾಸ ಇನ್ನೂ ಬೆಳೆದರೆ ಗೆದ್ದವರ 25 ಅಲ್ಲೇ ನಿಂತು, ಸೋತವರದು 5ರಿಂದ ಸೊನ್ನೆಯತ್ತ ಇಳಿಯುತ್ತಿತ್ತು. ಅಂದರೆ ಎರಡೂ ತಂಡಗಳ ಮೊತ್ತ ಯಾವಾಗಲೂ 30 ಅಲ್ಲ. ನಂತರದ ಪಟ್ಟಿಯಲ್ಲಿ ಸಮಬಲಕ್ಕೆ 10–10, ಮೊತ್ತ ಯಾವಾಗಲೂ 20, ದಶಾಂಶ ಸಹಿತ. ಎರಡು ಕಾಲದ ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸಾಧುವಲ್ಲ.

ನಮಗೆ ಹತ್ತಿರದ ದೊಡ್ಡ ಉದಾಹರಣೆ 2015ರ ಸೆಪ್ಟೆಂಬರ್ 26ರಿಂದ ಅಕ್ಟೋಬರ್ 10ರವರೆಗೆ ಚೆನ್ನೈಯಲ್ಲಿ ನಡೆದ ವಿಶ್ವ ತಂಡ ಚಾಂಪಿಯನ್‌ಷಿಪ್. ಅದರ ಬರ್ಮುಡಾ ಬೌಲ್ ವಿಭಾಗದಲ್ಲಿ 22 ತಂಡಗಳು ಲೀಗ್ ಆಡಿ, ಮೊದಲ ಎಂಟು ನಾಕೌಟ್ ಪ್ರವೇಶಿಸಿದವು, ಗೆದ್ದದ್ದು ಪೋಲೆಂಡ್. ಕೂಟಕ್ಕೆ ಮುನ್ನ ಮೋಸದ ಆರೋಪಗಳ ಹಿನ್ನೆಲೆಯಲ್ಲಿ ಇಸ್ರೇಲ್, ಜರ್ಮನಿ, ಮೊನಾಕೊ ಹಿಂದೆ ಸರಿದಿದ್ದವು. ಜೊತೆಗಾರರು ಗುಟ್ಟಾಗಿ ಸನ್ನೆ ಮಾಡದಂತೆ ಮೇಜಿಗೆ ಅಡ್ಡ ಪರದೆ ಬಂದದ್ದು ಬರ್ಮುಡಾ ಬೌಲ್‌ನಲ್ಲಿ 1975ರಲ್ಲಿ. ಆ ವರ್ಷವೇ ಮೇಜಿನಡಿ ಪಾದದಿಂದ ಸನ್ನೆ ಮಾಡಿದ ಆಪಾದನೆ ಎದ್ದು, ಪರದೆ ಮೇಜಿನ ಕೆಳಗೂ ಇಳಿಯಬೇಕಾಯಿತು. ಹಂಚಿಕೆಯ ಅದೃಷ್ಟವನ್ನು ಸಮಗೊಳಿಸಿದ ಮೇಲೆ ಉಳಿಯುವುದು ಮಾಹಿತಿ. ಮೋಸವೂ ಅಲ್ಲಿಗೇ ಹೋಗುತ್ತದೆ.

ದೇಶದೊಳಗೆ ಭಾರತೀಯ ಬ್ರಿಡ್ಜ್ ಒಕ್ಕೂಟ, ರಾಜ್ಯದಲ್ಲಿ ಬೆಂಗಳೂರಿನ ಕರ್ನಾಟಕ ರಾಜ್ಯ ಬ್ರಿಡ್ಜ್ ಸಂಸ್ಥೆ ಇದೇ ಚೌಕಟ್ಟುಗಳನ್ನು ಬಳಸುತ್ತವೆ. ರಾಷ್ಟ್ರೀಯ ತಂಡ ವಿಭಾಗದ ಟ್ರೋಫಿ ರುಯಿಯಾ ಹೆಸರಿನದು, ಜೋಡಿ ವಿಭಾಗದ್ದು ಹೋಳ್ಕರ್ ಹೆಸರಿನದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಜೋಡಿ ಚಿನ್ನ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಅವರಿಗೆ ಸಂದಿತು. ಪುರುಷರ ತಂಡ, ಮಿಶ್ರ ತಂಡಗಳಿಗೆ ಕಂಚು. ‘2022’ರ ಹೆಸರಿದ್ದರೂ 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಬ್ರಿಡ್ಜಿಗೆ ತಂಡ ವಿಭಾಗಗಳಷ್ಟೇ ಇದ್ದವು, ಭಾರತದ ಪುರುಷರ ತಂಡಕ್ಕೆ ಬೆಳ್ಳಿ. ಪದಕ ಪಟ್ಟಿಗಳನ್ನು ಹೋಲಿಸುವಾಗ ಈ ವಿಭಾಗ ವ್ಯತ್ಯಾಸ ಗಮನದಲ್ಲಿರಬೇಕು.

8. ರಮ್ಮಿ: ನಕಲಾಗದ ಹಂಚಿಕೆ

ರಮ್ಮಿ ಪಂದ್ಯಾವಳಿಗೂ ಮೇಜು, ಸುತ್ತು, ಮುನ್ನಡೆ ಎಲ್ಲ ಇವೆ. ನಿಗದಿತ ಸಂಖ್ಯೆಯ ಹಂಚಿಕೆ ಆಡಿಸಿ ಹೆಚ್ಚು ಬಿಲ್ಲೆ ಉಳಿಸಿಕೊಂಡವರನ್ನು ಮುಂದಿನ ಮೇಜಿಗೆ ಕಳುಹಿಸುವುದು ಒಂದು ವಿಧ. ಮಿತಿ ಮುಟ್ಟಿದವರು ಹೊರಬೀಳುವ ‘ಪೂಲ್’ ಇನ್ನೊಂದು.

ಪೂಲ್ ಮಿತಿಗಳು 101 ಮತ್ತು 201. ಈ ವಿಚಿತ್ರ ಸಂಖ್ಯೆಗಳಿಗೆ ಲೆಕ್ಕಾಚಾರದ ಆಧಾರ ಇರಬಹುದು. ಸಾಮಾನ್ಯ ಪಾಠದಲ್ಲಿ 101ರ ಪೂಲ್‌ನಲ್ಲಿ ಮೊದಲ ಸರದಿಯಲ್ಲೇ ಎಲೆ ಮಗುಚಿಟ್ಟರೆ 20 ಅಂಕ, ನಡುವೆ ಬಿಟ್ಟರೆ 40; 201ರಲ್ಲಿ 25 ಮತ್ತು 50. ಮೊದಲನೆಯದರಲ್ಲಿ ಐದು ಬಾರಿ ಬಿಟ್ಟರೂ 100, ಆಟಗಾರ ಉಳಿಯುತ್ತಾನೆ. ಎರಡನೆಯದರಲ್ಲಿ ಎಂಟು ಬಾರಿ ಬಿಟ್ಟರೂ 200, ಉಳಿಯುತ್ತಾನೆ. ಪೂರ್ತಿ ಕೈ ಸಿಕ್ಕಿಬಿದ್ದರೆ ಗರಿಷ್ಠ 80. ಅಂಥ ಎರಡು ಪೆಟ್ಟಿಗೆ 101ರಲ್ಲಿ ಆಟ ಮುಗಿಯುತ್ತದೆ, 201ರಲ್ಲಿ ಮೂರಕ್ಕೆ. ಕೆಟ್ಟ ಕೈಯನ್ನು ಕಡಿಮೆ ಬೆಲೆಗೆ ಬಿಟ್ಟುಕೊಡುವ ಅವಕಾಶವೇ ಇಲ್ಲಿ ಅದೃಷ್ಟಕ್ಕೆ ಇಟ್ಟ ಕಡಿವಾಣ. ಅದನ್ನು ಯಾವಾಗ ಬಳಸಬೇಕೆಂಬುದು ನಿಜವಾದ ಕೌಶಲ. ಆದರೂ ಪಕ್ಕದ ಮೇಜಿನವನಿಗೆ ಬಂದ ಕೈ ಬೇರೆಯದೇ. ಇಬ್ಬರ ಅಂಕ ಒಂದೇ ಹಂಚಿಕೆಯ ಮೇಲಿನದಲ್ಲ.

ರಮ್ಮಿಯ ಹಂಚಿಕೆಯನ್ನು ಬೋರ್ಡಿನಲ್ಲಿಟ್ಟು ನಕಲು ಮಾಡಬಹುದೇ? ಎರಡು ಕಟ್ಟು, ತಲಾ ಒಂದು ಜೋಕರ್ ಸೇರಿ 106 ಎಲೆ; ಆರು ಜನಕ್ಕೆ ಹದಿಮೂರರಂತೆ 78; ಉಳಿದದ್ದು 28. ಕಟ್ ಜೋಕರ್ ಒಂದು, ತೆರೆದೆಲೆ ಒಂದು ಹೋದರೆ ರಾಶಿಯಲ್ಲಿ 26. ಕೈಗಳನ್ನೂ ರಾಶಿಯ ಕ್ರಮವನ್ನೂ ಎರಡು ಮೇಜಿನಲ್ಲಿ ಒಂದೇ ಮಾಡಿಟ್ಟರೂ, ಒಂದು ಮೇಜಿನ ಮೊದಲಿಗ ತೆರೆದೆಲೆ ಎತ್ತಿಕೊಂಡು ಇನ್ನೊಂದರವನು ರಾಶಿಯಿಂದ ಎತ್ತಿದರೆ, ಅಲ್ಲಿಂದ ಮುಂದೆ ರಾಶಿಯ ಎಲೆಗಳು ಬೇರೆ ಬೇರೆ ಕೈಗಳಿಗೆ ಹೋಗುತ್ತವೆ. ಒಬ್ಬನ ತೀರ್ಮಾನ ಉಳಿದ ಐವರ ಅದೃಷ್ಟವನ್ನು ಬದಲಿಸುತ್ತದೆ. ಬ್ರಿಡ್ಜಿನಲ್ಲಿ ರಾಶಿಯೇ ಇಲ್ಲ, ಹಂಚಿದ ಮೇಲೆ ಅದೃಷ್ಟಕ್ಕೆ ಪ್ರವೇಶವಿಲ್ಲ. ನಡುವಿನ ಉದಾಹರಣೆ ಪೋಕರ್: ಎಲ್ಲರಿಗೂ ಸೇರಿದ ಎಲೆಗಳ ಕ್ರಮ ಆಟಗಾರರ ತೀರ್ಮಾನಕ್ಕೆ ಬದಲಾಗದಂತೆ ನಿಗದಿಪಡಿಸಲು ಬರುವುದರಿಂದ, ‘ಮ್ಯಾಚ್ ಪೋಕರ್’ ಎಂಬ ಡೂಪ್ಲಿಕೇಟ್ ರೂಪ ಸಾಧ್ಯವಾಗಿದೆ.

ಆದ್ದರಿಂದ 1967ರ ತೀರ್ಪಿನ ಹೋಲಿಕೆಯನ್ನು ಹೀಗೆ ಮಿತಗೊಳಿಸಬಹುದೆಂದು ತೋರುತ್ತದೆ. ಒಂದೇ ಮೇಜಿನ ಮಟ್ಟದಲ್ಲಿ ರಮ್ಮಿ ಮತ್ತು ಬ್ರಿಡ್ಜಿನ ಹಂಚಿಕೆಗಳಲ್ಲಿರುವ ಅದೃಷ್ಟ ಒಂದೇ ಜಾತಿಯದು. ಪಂದ್ಯಾವಳಿಯ ಮಟ್ಟದಲ್ಲಿ ಅಲ್ಲ: ಒಂದು ಕಡೆ ಅದು ಹೋಲಿಕೆಯಿಂದ ರದ್ದಾಗುತ್ತದೆ, ಇನ್ನೊಂದು ಕಡೆ ಹಂಚಿಕೆಗಳ ಸಂಖ್ಯೆ ಹೆಚ್ಚಿಸಿದಷ್ಟು ಮಾತ್ರ ತಗ್ಗುತ್ತದೆ. ನ್ಯಾಯಾಲಯದ ಮುಂದಿದ್ದದ್ದು ಕ್ಲಬ್ಬಿನ ಮೇಜು, ಪಂದ್ಯಾವಳಿಯಲ್ಲ. ಇದು ತೀರ್ಪಿನ ದೋಷವಲ್ಲ. ಅದನ್ನು ರಮ್ಮಿ ‘ಟೂರ್ನಮೆಂಟ್’ಗಳಿಗೆ ಹಾಗೆಯೇ ಎತ್ತಿ ಅನ್ವಯಿಸುವವರು ಗಮನಿಸಬೇಕಾದ ಅಂಶ.

9. 2021ರಿಂದ 2025

ವಿಜಯನಗರ ಜಿಲ್ಲೆಯ ಅಧಿಸೂಚನೆ 2021ರ ಫೆಬ್ರುವರಿ 8ರದು, ಉದ್ಘಾಟನೆ ಅದೇ ವರ್ಷದ ಅಕ್ಟೋಬರ್ 2ರಂದು. ಮೂರು ದಿನದ ನಂತರ, ಅಕ್ಟೋಬರ್ 5ರಂದು, ಪೊಲೀಸ್ ಕಾಯ್ದೆಯ ತಿದ್ದುಪಡಿ (2021ರ 28ನೇ ಕಾಯ್ದೆ) ಜಾರಿಗೆ ಬಂತು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಅದು ಕೌಶಲದ ವಿನಾಯಿತಿಯ ಹೊರಗೆ ತಂದಿತು. ಕಲಂ 176ರಲ್ಲಿ ಪಣಕ್ಕಿದ್ದ ರಕ್ಷಣೆಯೂ ಹೋಯಿತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ತಿದ್ದುಪಡಿಯ 2, 3, 6, 8, 9ನೇ ಕಲಮುಗಳನ್ನು ಅಸಿಂಧುಗೊಳಿಸಿತು. ಪತ್ರಿಕೆಗಳಲ್ಲಿ ‘ಕಾಯ್ದೆ ರದ್ದು’ ಎಂದು ಬಂದದ್ದು ಪೂರ್ತಿ ನಿಖರವಲ್ಲ. ಬಿದ್ದದ್ದು ಈ ಐದು ಕಲಮುಗಳು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೊರೆ ಹೋಯಿತು.

2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಒಪ್ಪಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ‘ಆನ್‌ಲೈನ್ ಹಣದ ಆಟ’ವನ್ನು ವ್ಯಾಖ್ಯಾನಿಸುವಾಗ ಅದು ಕೌಶಲದ್ದೋ ಅದೃಷ್ಟದ್ದೋ ಎರಡೂ ಬೆರೆತದ್ದೋ ಎಂಬ ಭೇದವನ್ನೇ ಕೈಬಿಟ್ಟಿದೆ. ಅಂಥ ಆಟ ಒದಗಿಸುವವರಿಗೆ ಮೂರು ವರ್ಷದವರೆಗಿನ ಸೆರೆ, ಒಂದು ಕೋಟಿ ರೂಪಾಯಿವರೆಗಿನ ದಂಡ, ಅಥವಾ ಎರಡೂ. ಇದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಒಂದು ಸಲ್ಲಿಕೆಯಾದದ್ದು ಕರ್ನಾಟಕ ಹೈಕೋರ್ಟಿಗೆ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿವಿಧ ಹೈಕೋರ್ಟುಗಳ ಅರ್ಜಿಗಳನ್ನು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಎದುರುಬದುರು ಕುಳಿತು ಎಲೆ ಹಿಡಿಯುವ ಪಂದ್ಯಾವಳಿಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಹಡಗಲಿಯಲ್ಲಾಗಲಿ ಎದುರು ದಡದ ಮುಂಡರಗಿ, ಕೊಪ್ಪಳಗಳಲ್ಲಾಗಲಿ ಅವುಗಳಿಗೆ ಅನ್ವಯಿಸುವುದು ಇಂದು 1963ರ ಆ ಒಂದೇ ಕಾಯ್ದೆ.